ನಮ್ಮ ಅಂಗಳದಲ್ಲಿ ನಾಗಮಂಗಲ

ಸಂಜೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಕೆ.ಆರ್. ಪೇಟೆ ಕಡೆಗೆ ಹೋಗುವ ಇನ್ನೊಂದು ಬಸ್ಸು. ನಾನು ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದಿನವೆಲ್ಲ ಕಾಗುಣಿತ ತಿದ್ದಿ ಹೊರಟಮೇಲೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆಗುವುದಿಲ್ಲ. ರಸ್ತೆ ಬದಿಯ ಬೋರ್ಡುಗಳನ್ನು ಓದುವ ಚಟ ನನಗೆ. ಓದಿದರೆ ಮತ್ತೆ ಅದೇ ಶಾಲೆ, ಅದೇ ಕೆಂಪು ಪೆನ್ನು.

ಒಂದು ತಿರುವಿನಲ್ಲಿ ‘ನಿಧನವಾಗಿ ಚಲಿಸಿ’ ಎಂದು ಬರೆದ ಹಳದಿ ಬೋರ್ಡು ಬಹಳ ಕಾಲ ಇತ್ತು. ಒಂದು ದೀರ್ಘ ಬಿಟ್ಟುಹೋಗಿತ್ತು, ಅಷ್ಟೇ. ರಸ್ತೆ ಅಗೆದು ಹಾಕಿದ್ದ ಇನ್ನೊಂದು ಕಡೆ ‘ಕಾಮಗಾರಿ ಪ್ರಗತಿಯಲ್ಲಿದೆ, ದಯವಿಟ್ಟು ಸಂಹರಿಸಿ’ ಎಂದಿತ್ತು. ಸಹಕರಿಸಿ ಎಂದು ಬರೆಯಲು ಹೋದವನ ಕೈ ಯಾಕೆ ಅತ್ತ ತಿರುಗಿತೋ. ಒಂದು ಶಾಲೆಯ ಮುಂದೆ ‘ಶೂಲಾ ವಲಯ’. ಮೊದಮೊದಲು ಇವನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ವರ್ಷಗಳು ಕಳೆದಂತೆ ಅದೂ ನಿಂತಿತು. ಮಕ್ಕಳ ನೋಟ್ಸಿನಲ್ಲಿ ‘ನಿಧನವಾಗಿ’ ಕಂಡಾಗ ಸಿಟ್ಟು ಬರುವುದೂ ನಿಂತಿತು. ಅವರು ಅದೇ ರಸ್ತೆಯಲ್ಲೇ ತಾನೆ ಬರುವುದು.

ಆದರೆ ನಾನು ಹೇಳಹೊರಟಿರುವುದು ನಮ್ಮೂರಿನ ಬೋರ್ಡಿನ ವಿಷಯ. ಅದು ಕಣ್ಣಿಗಷ್ಟೇ ಕಾಟ ಕೊಟ್ಟು ಸುಮ್ಮನಿರಲಿಲ್ಲ, ನೇರವಾಗಿ ಮನೆಗೇ ಬಂತು.

ಚಿನಕುರಳಿ ದಾಟಿ ಇನ್ನಷ್ಟು ಮುಂದೆ ಬಂದರೆ ನಮ್ಮೂರು. ಊರಿಗಿಂತ ಸ್ವಲ್ಪ ಆಚೆಗೆ ಬಲಗಡೆ ಒಂದು ರಸ್ತೆ ಒಡೆಯುತ್ತದೆ; ನಾಗಮಂಗಲದ ಕಡೆಗೆ ಹೋಗುವವರು ಅದನ್ನು ಹಿಡಿಯಬೇಕು. ಊರಿಗಿಂತ ಈಚೆಗೂ ಬಲಗಡೆ ಒಂದು ರಸ್ತೆ ಇದೆ. ಅದು ರಸ್ತೆಯೂ ಅಲ್ಲ, ಓಣಿ. ಹಿಂದೆ ಕಲ್ಲು ಒಡೆಯುವ ಕ್ವಾರಿಗೆ ಲಾರಿಗಳು ಹೋಗುತ್ತಿದ್ದುದರಿಂದ ಬಾಯಿ ಮಾತ್ರ ಅಗಲವಾಗಿದೆ. ಒಳಕ್ಕೆ ನಾಲ್ಕೈದು ಮನೆ ದಾಟಿದರೆ ಕೊನೆಯದು ನಮ್ಮದು. ನಮ್ಮ ಅಂಗಳದಾಚೆ ಒಂದು ಮೋರಿ, ಮೋರಿಯಾಚೆ ನೀರು ನಿಂತ ಹಳೆಯ ಕ್ವಾರಿ. ಅಲ್ಲಿಗೆ ಭೂಮಿ ಮುಗಿಯಿತು.

ರಸ್ತೆ ಅಗಲ ಮಾಡಿದ ವರ್ಷ ಆ ಓಣಿಯ ಬಾಯಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು ದೊಡ್ಡ ಹಸಿರು ಬೋರ್ಡು ನಿಲ್ಲಿಸಿದರು. ನೇರಕ್ಕೆ ಕೆ.ಆರ್. ಪೇಟೆ. ಬಲಕ್ಕೆ, ಅಂದರೆ ನಮ್ಮ ಮನೆಗೆ, ನಾಗಮಂಗಲ. ಅದನ್ನೂ ಸರಿಯಾಗಿ ಬರೆದಿರಲಿಲ್ಲ. ಜಾಗ ಸಾಲದೆ ಕೊನೆಯ ಅಕ್ಷರ ಕೆಳಗಿನ ಸಾಲಿಗೆ ಇಳಿದಿತ್ತು. ಮೇಲೆ ‘ನಾಗಮಂಗ’, ಕೆಳಗೆ ಒಂಟಿಯಾಗಿ ‘ಲ’. ನಮ್ಮ ಕಡೆ ಗಂಡಸರು ಒಬ್ಬರನ್ನೊಬ್ಬರು ‘ಲಾ’ ಎಂದೇ ಮಾತಾಡಿಸುವುದು. ಬಸ್ ಸ್ಟಾಪಿನಲ್ಲಿ ಕೂತ ಹುಡುಗರಿಗೆ ಇಷ್ಟೇ ಸಾಕಾಯಿತು. ಒಬ್ಬ “ನಾಗ ಯಾರ್ಲಾ?” ಅನ್ನುವುದು, ಇನ್ನೊಬ್ಬ “ನಾನು. ಮಂಗ ನೀನು ಕಣ್ಲಾ” ಅನ್ನುವುದು. ಹಲವು ವಾರ ಇದೇ ಆಟ ನಡೆಯಿತು. ನಾನು ಬಸ್ಸಿಳಿದು ಅವರನ್ನು ದಾಟಿ ಮನೆ ಕಡೆ ನಡೆಯುತ್ತಿದ್ದೆ. ನಗು ಬರುತ್ತಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅಂಗಳದಲ್ಲಿ ಯಾರದೋ ಕಾರು ನಿಂತಿರುತ್ತಿತ್ತು.

ಮೊದಲು ಬಂದವರು ಬೆಳ್ಳೂರಿಗೆ ಹೊರಟಿದ್ದ ಒಂದು ಸಂಸಾರ. ಅಂಗಳದಲ್ಲಿ ನನ್ನ ಅತ್ತೆ ರಾಗಿ ಹರವಿದ್ದರು. ಕಾರು ರಾಗಿಯ ಅಂಚಿಗೆ ಬಂದು ನಿಂತಿತು. ಓಡಿಸುತ್ತಿದ್ದವನು ಗಾಜು ಇಳಿಸಿ, “ಅಜ್ಜಿ, ನಾಗಮಂಗಲ ಇನ್ನೂ ಎಷ್ಟು ದೂರ?” ಎಂದು ಕೇಳಿದನಂತೆ.

“ಇಲ್ಲಿಗೆ ನಿಮ್ಮ ರೋಡು ಮುಗೀತು ಕಣಪ್ಪ,” ಅಂದರಂತೆ ಅತ್ತೆ. “ಇನ್ನು ಮುಂದಕ್ಕೋಗ್ಬೇಕು ಅಂದ್ರೆ ನಮ್ಮ ಅಡುಗೆಮನೆ ಮೇಲಾಸೇ ಓಗ್ಬೇಕು.”

ಸಂಜೆ ನನಗೆ ಇದನ್ನು ಹೇಳಿ ಅತ್ತೆ ತಾವೇ ನಕ್ಕರು. ಮೊದಲ ದಿನವಲ್ಲವೇ. ವಾರ ಕಳೆಯುವುದರೊಳಗೆ ಆ ನಗು ಬತ್ತಿತು. ಬೆಳಿಗ್ಗೆ ಬರುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಕೂತಾಗ ಬರುತ್ತಿದ್ದರು, ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಬರುತ್ತಿದ್ದರು. ನೀರು ಕೇಳುವವರು, ಕಕ್ಕಸ್ಸು ಕೇಳುವವರು, ನಾವೇ ಬೋರ್ಡು ನೆಟ್ಟೆವೇನೋ ಎಂಬಂತೆ ಜಗಳಕ್ಕೆ ನಿಲ್ಲುವವರು. ಒಬ್ಬ ಯುವಕ ಮೋಟಾರ್ ಬೈಕಿನಿಂದ ಇಳಿಯದೆಯೇ ಹೇಳಿದ: “ಫೋನು ಮುಂದಕ್ಕೋಗು ಅಂತು ಆಂಟಿ, ಬೋರ್ಡು ತಿರುಗು ಅಂತು. ಸರ್ಕಾರದ್ದೇ ನಿಜ ಇರ್ತದೆ ಅನ್ಕಂಡೆ.” ಅವನಿಗೂ ಸರಿಯಾದ ದಾರಿ ತೋರಿಸಿ ಕಳಿಸಿದೆ.

ಮೊಟ್ಟೆ ಲಾರಿಯ ಡ್ರೈವರು ನಮಗೆ ಪರಿಚಯವಾದದ್ದೂ ಹೀಗೇ. ಆತ ಶ್ರೀರಂಗಪಟ್ಟಣದ ಮುಸ್ಲಿಮರು, ಐವತ್ತರ ಆಸುಪಾಸು. ನಾಗಮಂಗಲದಾಚೆಯ ಕೋಳಿ ಫಾರಮ್ಮಿನಿಂದ ಮೊಟ್ಟೆ ತರಲು ಆ ದಾರಿಯಲ್ಲಿ ಹೊಸದಾಗಿ ಹೊರಟಿದ್ದರು. ಖಾಲಿ ಟ್ರೇ ತುಂಬಿದ ಲಾರಿ ಓಣಿಯೊಳಗೆ ನುಗ್ಗಿಬಿಟ್ಟಿತು. ತಿರುಗಿಸಲು ಜಾಗವಿಲ್ಲ. ಹಿಂದಕ್ಕೆ ತೆಗೆಯುವಾಗ ಅತ್ತೆಯ ನುಗ್ಗೆಮರದ ದೊಡ್ಡ ಕೊಂಬೆ ಮುರಿದು ಲಾರಿಯ ಮೇಲೇ ಬಿತ್ತು.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಲಾರಿಯ ಮುಂದೆ ನಿಂತರು. “ಕಣ್ಣು ಕಾಣಾಕಿಲ್ವಾ ನಿಂಗೆ? ಕಾಯಿ ತುಂಬ್ಕಂಡಿತ್ತಲ್ಲೋ ಮರ!”

“ತಪ್ಪಾಯ್ತು ಅಮ್ಮಾ, ಮಾಫ್ ಮಾಡಿ,” ಎಂದು ಆತ ಇಳಿದು ಬಂದರು. “ನಂದೂ ತಪ್ಪಲ್ಲ, ಮರದ್ದೂ ತಪ್ಪಲ್ಲ. ಅಲ್ಲಿ ನಿಂತವ್ನಲ್ಲ ಹಸಿರು ಸಾಹೇಬ, ಅವ್ನ ಕೇಳಿ.”

ಬೋರ್ಡಿಗೆ ಹಸಿರು ಸಾಹೇಬ ಎಂಬ ಹೆಸರು ಹೀಗೆ ಬಂತು. ಅತ್ತೆಗೆ ಅರೆಬರೆ ನಗು ಬಂದು ಸಿಟ್ಟು ಇಳಿಯಿತು. ಮುರಿದ ಕೊಂಬೆಯ ನುಗ್ಗೆಕಾಯಿಯನ್ನು ಇಬ್ಬರೂ ಸೇರಿ ಬಿಡಿಸಿದರು. ಅರ್ಧ ಆತನ ಲಾರಿಗೇ ಹೋಯಿತು. ಆಮೇಲೆ ಆತ ಆ ಕಡೆ ಹೋಗುವಾಗಲೆಲ್ಲ ಓಣಿಯ ಬಾಯಲ್ಲಿ ಹಾರನ್ ಬಾರಿಸಿ, ಅತ್ತೆ ಕಂಡರೆ ಕೈಯೆತ್ತಿ ಹೋಗುತ್ತಿದ್ದರು.

ನನ್ನ ಗಂಡ ಪಾಂಡವಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಮಾತು ಕಮ್ಮಿ, ತಾಳ್ಮೆ ಜಾಸ್ತಿ. ನಾವೇ ಒಂದು ಬೋರ್ಡು ಬರೆಸಿ ಹಸಿರು ಬೋರ್ಡಿನ ಕೆಳಗೆ ನೆಟ್ಟರೆ ಆಯಿತಲ್ಲ ಎಂದರು. ಟ್ರಾಕ್ಟರ್ ಟ್ರೇಲರುಗಳ ಹಿಂದೆ ದೇವರ ಹೆಸರು, ಹಂಸಪಕ್ಷಿ ಬರೆಯುವ ಪೇಂಟರೊಬ್ಬನಿಗೆ ಹೇಳಿದರು. ಬರೆಯಬೇಕಾದದ್ದು ಮೂರೇ ಮಾತು: ‘ನಾಗಮಂಗಲಕ್ಕೆ ದಾರಿ ಇಲ್ಲ’. ನಾನು ಚೀಟಿಯಲ್ಲಿ ಬರೆದುಕೊಡುತ್ತೇನೆ ಎಂದೆ. “ಇಷ್ಟಕ್ಕೆಲ್ಲ ಚೀಟಿ ಯಾಕೆ, ಹೇಳಿದ್ದೀನಿ ಬಿಡು,” ಎಂದರು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಸ್ಸಿಳಿದಾಗ ಬೋರ್ಡು ನಿಂತಿತ್ತು. ಬಿಳಿಯ ಮೇಲೆ ಕೆಂಪು ಅಕ್ಷರ, ದುಂಡಗೆ, ಚೆಂದಗೆ, ಮೂಲೆಯಲ್ಲಿ ಕೇಳದಿದ್ದರೂ ಒಂದು ಹಂಸ. ‘ನಾಗಮಂಗಲಕ್ಕೆ ದಾರಿ ಇಲ್ಲಿ’ ಎಂದು ಬರೆದಿತ್ತು.

ಒಂದು ಗುಡಿಸು. ‘ಇಲ್ಲ’ದ ತಲೆಯ ಮೇಲೆ ಆ ಪುಣ್ಯಾತ್ಮ ಒಂದು ಗುಡಿಸು ಹಾಕಿಬಿಟ್ಟಿದ್ದ. ನಾನು ಬಿಸಿಲಿನಲ್ಲಿ ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅಂಗಳದಲ್ಲಿ ಎರಡು ಕಾರು ನಿಂತಿದ್ದವು.

ಫೋನಿನಲ್ಲಿ ಪೇಂಟರು ಅಳುಕಲಿಲ್ಲ. “ಮೇಡಂ, ಜನ ಬೋರ್ಡು ನೋಡಾದೇ ದಾರಿ ಎಲ್ಲದೆ ಅಂತ. ದಾರಿ ಇಲ್ಲ ಅಂತ ಯಾರಾರಾ ಬೋರ್ಡು ಬರೆಸ್ತಾರಾ? ನಿಮ್ಮನೆಯವ್ರು ಬಾಯ್ತಪ್ಪಿ ಅಂಗಂದವ್ರೆ ಅಂತ ನಾನೇ ಸರಿ ಮಾಡ್ದೆ,” ಎಂದ. ಅವನ ತರ್ಕದಲ್ಲಿ ಹುಳುಕು ಹುಡುಕುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಮ್ಮವರು ಸಂಜೆ ಹೋಗಿ ಆ ಬೋರ್ಡನ್ನು ಕಿತ್ತು ತಂದರು. ಈಗ ಅದು ಕೊಟ್ಟಿಗೆಯ ತಡಿಕೆಗೆ ಒರಗಿಕೊಂಡಿದೆ.

ಆಮೇಲೆ ಒಂದು ದಿನ ರಜೆ ಹಾಕಿ ನಾನೇ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳಿ ಪ್ರಯೋಜನವಿಲ್ಲ, ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಎರಡನೆಯ ಕಡೆ ಮೇಜಿನ ಹಿಂದೆ ಕೂತಿದ್ದವರು ಒಳ್ಳೆಯವರೇ. ಕೂರಿಸಿ ನೀರು ಕೊಟ್ಟರು. ಅವರ ಕಣ್ಣಿನ ಕೆಳಗೂ ನನ್ನಷ್ಟೇ ಕಪ್ಪು.

“ರಸ್ತೆ ನಮ್ದು ಮೇಡಂ. ಬೋರ್ಡು ಕಂಟ್ರಾಕ್ಟರು ಹಾಕಿದ್ದು. ಅವರ ಬಿಲ್ಲು ಆಗಿ ಹೋಗಿದೆ, ಇನ್ನು ಕೈಗೆ ಸಿಗಲ್ಲ,” ಎಂದರು.

“ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಸಾಕು ಸಾರ್.”

“ಸರಿಸಬೇಕು ಅಂದ್ರೆ ಎಸ್ಟಿಮೇಟ್ ಆಗ್ಬೇಕು. ತಪ್ಪು ಜಾಗದಲ್ಲಿದೆ ಅಂತ ಬರೆದ್ರೆ, ಅಲ್ಲಿ ಹಾಕಕ್ಕೆ ಒಪ್ಪಿದ್ಯಾರು ಅಂತ ಕೇಳ್ತಾರೆ. ಒಪ್ಪಿದವರು ಈಗ ಟ್ರಾನ್ಸ್‌ಫರ್ ಆಗಿದ್ದಾರೆ.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಆ ನಿಮ್ಮ ಓಣೀನೇ ಮುಂದಕ್ಕೆ ನಾಗಮಂಗಲ ರೋಡಿಗೆ ಸೇರಿಸೋಕೆ ಬರುತ್ತಾ?”

“ಮಧ್ಯೆ ಕ್ವಾರಿ ಇದೆ ಸಾರ್.”

“ಓ, ಕ್ವಾರಿ,” ಎಂದು ಅವರು ಫ್ಯಾನಿನ ಕಡೆ ನೋಡಿದರು. ನಾನು ಅರ್ಜಿ ಕೊಟ್ಟು ಬಂದೆ. ನಾನು ಕನ್ನಡದ ಮೇಡಂ ಎಂದು ಗೊತ್ತಾಗಿ, ಹೊರಡುವಾಗ ಅವರು ತಮ್ಮ ಮಗಳಿಗೆ ಅಲ್ಪಪ್ರಾಣ ಮಹಾಪ್ರಾಣ ಹೇಗೆ ಹೇಳಿಕೊಡುವುದು ಎಂದು ಕೇಳಿದರು. ಅದನ್ನೂ ಹೇಳಿ ಬಂದೆ.

ಇಷ್ಟರಲ್ಲಿ ಮಳೆಗಾಲ ಹಿಡಿಯಿತು. ಒಂದು ಶುಕ್ರವಾರ ಸಂಜೆ, ನಾನು ಮನೆ ಸೇರುವ ಹೊತ್ತಿಗೆ ಮಳೆ ನಿಂತು ಮೋಡದ ಹಿಂದೆ ಇನ್ನೂ ಸ್ವಲ್ಪ ಬೆಳಕಿತ್ತು. ಅಂಗಳದಾಚೆ ಬಿಳಿಯ ಕಾರೊಂದರ ಹಿಂದಿನ ಚಕ್ರ ಮೋರಿಯೊಳಕ್ಕೆ ಇಳಿದು, ಮೂತಿ ಮೇಲೆತ್ತಿಕೊಂಡು ನಿಂತಿತ್ತು. ತಿರುಗಿಸಲು ಹೋಗಿ ಹಾಗಾಗಿತ್ತು. ನಮ್ಮವರು ಅಂಗಡಿ ಮುಚ್ಚಿ ಬೇಗ ಬಂದಿದ್ದವರು ಪ್ಯಾಂಟು ಮಡಿಚಿಕೊಂಡು ಕೆಸರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಟ್ರಾಕ್ಟರು ತರಲು ಯಾರೋ ಹೋಗಿದ್ದರು. ಮೂವತ್ತೈದರ ಒಬ್ಬಾತ, ಮೈಸೂರಿನವನಂತೆ, ಫೋನು ಹಿಡಿದು ಕೂಗಾಡುತ್ತಿದ್ದ. ಅವನ ತಾಯಿ ನಮ್ಮ ಜಗಲಿಯ ತುದಿಯಲ್ಲಿ ಕೂತಿದ್ದರು. ಅತ್ತೆಯ ವಯಸ್ಸಿನ ಹೆಂಗಸು. ಮಡಿಲಲ್ಲಿ ಒಂದು ಹೂವಿನ ಹಾರದ ಪೊಟ್ಟಣ.

ಅತ್ತೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: “ಬಿಂಡಿಗನವಿಲೆ ಹತ್ರ ಅವ್ರ ತವರೂರಂತೆ ಕಣವ್ವ. ಅಣ್ಣ ತೀರೋಗವ್ರೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕಂತೆ, ಇವ್ರಿಗೆ ಕಾಯ್ತಾವ್ರೆ.”

ಆ ಹೆಂಗಸು ಯಾವಾಗಲೂ ತವರಿಗೆ ಬಸ್ಸಿನಲ್ಲಿ ಹೋಗಿ ಬಂದವರು. ನಾಗಮಂಗಲದ ಸ್ಟ್ಯಾಂಡು ಗೊತ್ತು, ಅಲ್ಲಿಂದ ಮುಂದಿನ ಬಸ್ಸು ಗೊತ್ತು. ಕಾರಿನ ದಾರಿ ಗೊತ್ತಿಲ್ಲ. ಮಗ ಮೈಸೂರಿನಲ್ಲೇ ಬೆಳೆದವನು. ಅವಸರದಲ್ಲಿ ಬೋರ್ಡು ನೋಡಿ ತಿರುಗಿಸಿದ್ದ.

ಟ್ರಾಕ್ಟರು ಬರುವುದು ತಡವಾಯಿತು. ಬಂದ ಮೇಲೆ ಹಗ್ಗ ಒಂದು ಸಲ ಕಿತ್ತುಹೋಯಿತು. ಕಾರು ಮೇಲಕ್ಕೆ ಬಂದಾಗ ಕ್ವಾರಿಯ ನೀರು ಕಪ್ಪಾಗುತ್ತಿತ್ತು. ಮಗ ಸ್ಟಿಯರಿಂಗ್ ಹಿಡಿದು ಕೂತ, ತಾಯಿ ಜಗಲಿಯಿಂದ ಎದ್ದರು. ಆಗಲೇ ಅವನ ಫೋನು ರಿಂಗಾಯಿತು. ಅವನು ಕೇಳಿಸಿಕೊಂಡ. ಇಳಿದು ಬಂದು ತಾಯಿಯ ಮುಂದೆ ನಿಂತು, “ಆಗೋಯ್ತಂತಮ್ಮ. ಮಳೆ ಬತ್ತದೆ ಅಂತ ಮಣ್ಣು ಮಾಡ್ಬುಟ್ರಂತೆ,” ಎಂದ.

ಆಕೆ ಹಾಗೆಯೇ ಕೂತರು. ಅಳಲಿಲ್ಲ. ಹೂವಿನ ಪೊಟ್ಟಣದ ದಾರವನ್ನು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದರು.

ಮಗನ ಸಿಟ್ಟು ನಮ್ಮವರ ಮೇಲೆ ತಿರುಗಿತು. “ಏನ್ರೀ ನೀವು? ಇದೇ ಊರಲ್ಲಿದ್ದೀರಿ, ದಿನಾ ನೋಡ್ತೀರಿ. ಒಂದು ಬೋರ್ಡು ಸರಿ ಮಾಡ್ಸಕ್ಕಾಗಿಲ್ವಾ ನಿಮ್ಮ ಕೈಲಿ? ಬಂದೋರಿಗೆ ದಾರಿ ಹೇಳ್ಕಂಡು ಕೂತಿದ್ದೀರಾ?”

ನಮ್ಮವರು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದರು. ಅರ್ಜಿ ಕೊಟ್ಟಿದ್ದೇವೆ ಎಂದು ನಾನು ಹೇಳಬಹುದಿತ್ತು. ಅಷ್ಟು ಆಯಾಸ ನನಗೆ ಯಾವ ದಿನವೂ ಆಗಿರಲಿಲ್ಲ. ಅವನ ಅಮ್ಮನ ಮುಂದೆ ಅರ್ಜಿಯ ಮಾತಾಡಿ ಏನು ಮಾಡುವುದು?

ಅತ್ತೆ ಮಾತ್ರ ಅವನ ಕಡೆ ನೋಡಲೂ ಇಲ್ಲ. ನೇರವಾಗಿ ಆ ಹೆಂಗಸಿನ ಹತ್ತಿರ ಹೋಗಿ ತೋಳು ಹಿಡಿದು ಎಬ್ಬಿಸಿದರು. “ಏಳವ್ವ. ಮಣ್ಣಾಯ್ತು ಅಂತ ಕಿವಿಗೆ ಬಿದ್ಮೇಲೆ ಒಣತಲೇಲಿ ಕುಂತ್ಕಬಾರ್ದು. ಒಡಹುಟ್ಟಿದ ಅಣ್ಣ. ಬಾ, ನೀರು ಹುಯ್ತೀನಿ.”

“ಇಲ್ಲಾ?” ಎಂದರು ಆಕೆ. ಇಲ್ಲಿಯೇ, ಇವರ ಮನೆಯಲ್ಲಿಯೇ ಎಂಬ ಅರ್ಥದಲ್ಲಿ.

“ಇನ್ನೆಲ್ಲವ್ವ? ಸುದ್ದಿ ಬಂದ ಕಡೆ ನೀರು ಹುಯ್ಕಳದು.”

ಮನೆಯ ಹಿಂದೆ ನೀರಿನ ತೊಟ್ಟಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಅದರ ಮೇಲೆ ಕೂರಿಸಿ ಅತ್ತೆ ಚೊಂಬಿನಿಂದ ತಣ್ಣೀರು ಮೊಗೆದು ಮೊಗೆದು ಉಟ್ಟ ಸೀರೆಯ ಮೇಲೆಯೇ ಹುಯ್ದರು. ನಾನು ಟವೆಲ್ಲು ಹಿಡಿದು ನಿಂತಿದ್ದೆ. ಮೊದಲ ಚೊಂಬು ನೆತ್ತಿಗೆ ಬಿದ್ದಾಗ ಆಕೆಗೆ ಅಳು ಒಡೆಯಿತು. “ಅಣ್ಣಯ್ಯಾ, ಬಾಯಿಗೆ ಒಂದು ತೊಟ್ಟು ನೀರು ಬುಡಕ್ಕಾಗ್ಲಿಲ್ವಲ್ಲ ಅಣ್ಣಯ್ಯಾ” ಎಂದು ಹಾಡಿನಂತೆ ಎಳೆದು ಎಳೆದು ಅತ್ತರು. ಅತ್ತೆ ಸುಮ್ಮನಿರು ಎನ್ನಲಿಲ್ಲ. ಹುಯ್ಯುತ್ತಲೇ ಇದ್ದರು. ಅತ್ತೆಯ ಕಣ್ಣಿನಲ್ಲೂ ನೀರಿತ್ತು. ನೋಡದ, ಹೆಸರೂ ಗೊತ್ತಿಲ್ಲದ ಮುದುಕರೊಬ್ಬರಿಗಾಗಿ ನಮ್ಮ ಹಿತ್ತಿಲಲ್ಲಿ ಮೂವರು ಹೆಂಗಸರು ಅತ್ತೆವು. ಯಾಕೆಂದರೆ ಕಡೆಗೆ ನಾನೂ ಅತ್ತುಬಿಟ್ಟೆ.

ಅತ್ತೆಯ ಸೀರೆ ಉಟ್ಟು ಬಂದು ಆಕೆ ಕಾಫಿ ಕುಡಿದರು. ಮಗ ಜಗಲಿಯ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಅವನಿಗೂ ಒಂದು ಲೋಟ ಕೊಟ್ಟೆ, ತೆಗೆದುಕೊಂಡ. ಆಮೇಲೆ ನಮ್ಮವರು ಸ್ಕೂಟರಿನಲ್ಲಿ ಮುಂದೆ ಹೋಗಿ ನಾಗಮಂಗಲದ ರಸ್ತೆಗೆ ಅವರನ್ನು ಹತ್ತಿಸಿ ಬಂದರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಮ್ಮವರು ಅಂಗಳದಲ್ಲಿ ಗೊಬ್ಬರದ ಖಾಲಿ ಚೀಲಗಳನ್ನು ಹರವಿಕೊಂಡು ದಬ್ಬಳದಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. ಏನೆಂದು ಕೇಳಲಿಲ್ಲ, ನಾನೂ ಒಂದು ತುದಿ ಹಿಡಿದುಕೊಂಡು ಕೂತೆ. ಮನೆಯ ಏಣಿ ಬೋರ್ಡಿನ ಎತ್ತರಕ್ಕೆ ಸಾಲದು. ಅತ್ತೆ ಓಣಿಯ ಬಾಯಲ್ಲಿ ಕಾದು ನಿಂತು ಮೊಟ್ಟೆ ಲಾರಿಯನ್ನು ತಡೆದರು.

ಡ್ರೈವರು ವಿಷಯ ಕೇಳಿ, “ಯಾ ಅಲ್ಲಾ” ಎಂದು ತಲೆ ಮೇಲೆ ಕೈಯಿಟ್ಟುಕೊಂಡರು. ಲಾರಿಯನ್ನು ಬೋರ್ಡಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ನಮ್ಮವರೂ ಅವರೂ ಲಾರಿಯ ತಲೆಯ ಮೇಲೆ ಹತ್ತಿ, ಚೀಲದ ಹೊದಿಕೆಯನ್ನು ಬೋರ್ಡಿಗೆ ಮೇಲಿನಿಂದ ತೊಡಿಸಿ, ಕಂಬಗಳಿಗೆ ಹಗ್ಗ ಸುತ್ತಿ ಬಿಗಿದರು. ಬಸ್ ಸ್ಟಾಪಿನ ಹುಡುಗರು ಎದ್ದು ಬಂದು ಕೆಳಗಿನಿಂದ ಹಗ್ಗ ಎಸೆದುಕೊಟ್ಟರು. ಒಬ್ಬರೂ ನಾಗ, ಮಂಗ ಎನ್ನಲಿಲ್ಲ. ಅದರ ಮರುದಿನ ಭಾನುವಾರ, ಅಂಗಳಕ್ಕೆ ಯಾರೂ ಬರಲಿಲ್ಲ. ನಾನು ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಕೆಲವು ದಿನಗಳ ಮೇಲೆ ಒಂದು ಜೀಪು ಬಂತು. ಬೋರ್ಡನ್ನು ಮುಚ್ಚಿದವರು ಯಾರೆಂದು ವಿಚಾರಿಸಿಕೊಂಡು ಒಬ್ಬ ಅಧಿಕಾರಿ ನಮ್ಮ ಅಂಗಳಕ್ಕೇ ಬಂದ. ನಾನು ಕಚೇರಿಯಲ್ಲಿ ಕಂಡವರಲ್ಲ, ಬೇರೆಯವನು.

“ಸರ್ಕಾರಿ ಆಸ್ತಿ ಅದು. ಯಾರನ್ನ ಕೇಳಿ ಮುಚ್ಚಿದ್ರಿ?”

“ಮಳೇಲಿ ನೆನೀತಾ ನಿಂತಿತ್ತು, ಪಾಪ,” ಅಂದರು ಅತ್ತೆ. “ಅದ್ಕೇ ಒಂದು ಗೊಪ್ಪೆ ಹಾಕ್ದೋ.” ಮಳೆಯಲ್ಲಿ ಹೊಲಕ್ಕೆ ಹೋಗುವವರು ಚೀಲವನ್ನು ಮಡಿಚಿ ತಲೆಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಗೊಪ್ಪೆ. ಜೀಪಿನ ಡ್ರೈವರು ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ.

ಅಧಿಕಾರಿಗೆ ನಗು ಬರಲಿಲ್ಲ. ನಾನು ಮುಂದೆ ಹೋಗಿ ಆ ಶುಕ್ರವಾರ ನಡೆದದ್ದನ್ನು ಹೇಳಿದೆ. ಜೋರು ಮಾಡಿ ಹೇಳಲಿಲ್ಲ. ಜೋರು ನನ್ನಲ್ಲಿ ಇರಲಿಲ್ಲ. ಪಾಠ ಓದಿದಂತೆ ಒಂದೊಂದಾಗಿ ಹೇಳಿದೆ. ಆತ ಮೋರಿಯ ಅಂಚಿನಲ್ಲಿ ಚಕ್ರ ಇಳಿದಿದ್ದ ಗುರುತನ್ನು ನೋಡಿದ. ಕ್ವಾರಿಯ ನೀರನ್ನು ನೋಡಿದ. “ಇರ್ಲಿ ಬಿಡಿ, ಸದ್ಯಕ್ಕೆ ಹಂಗೇ ಇರ್ಲಿ. ನಾನು ಬಂದಿಲ್ಲ ಅನ್ಕೊಳ್ಳಿ,” ಎಂದು ಜೀಪು ಹತ್ತಿದ.

ಅದೇ ವಾರ ಆ ಹೆಂಗಸಿನ ಫೋನು ಬಂತು. ತಿಥಿಗೆ ಬರಬೇಕು ಎಂದು. ನಾನು ಏನಾದರೂ ನೆವ ಹೇಳೋಣ ಎಂದುಕೊಂಡೆ. ನೋಟ್ಸುಗಳು ರಾಶಿ ಬಿದ್ದಿದ್ದವು, ಮಂಡಿ ನೋಯುತ್ತಿತ್ತು. ಅತ್ತೆ ಒಪ್ಪಲಿಲ್ಲ. “ಸಾವಿನ ನೀರು ಹುಯ್ದಿದ್ದೀವಿ ಕಣವ್ವ. ತಿಥಿಗೋಗ್ದೆ ಇದ್ರೆ ಅದು ಅರ್ಧಕ್ಕೆ ನಿಂತಂಗೆ.”

ಹಾಗೆ ನಾನೂ ಅತ್ತೆಯೂ ಹೊರಟೆವು. ಕೆ.ಆರ್. ಪೇಟೆಗೆ ಹೋಗಿ ಅಲ್ಲಿಂದ ನಾಗಮಂಗಲದ ಬಸ್ಸು, ನಾಗಮಂಗಲದಿಂದ ಬಿಂಡಿಗನವಿಲೆ ಬಸ್ಸು, ಅಲ್ಲಿಂದ ಯಾರದೋ ಗೂಡ್ಸ್ ಆಟೋ. ನಾಗಮಂಗಲ ಸ್ಟ್ಯಾಂಡಿನಲ್ಲಿ ಇಳಿದಾಗ ಅತ್ತೆ ಸುತ್ತ ನೋಡಿ, “ಇದಾ ಅವ್ರೆಲ್ಲ ಹುಡುಕ್ಕಂಡು ಬತ್ತಿದ್ದ ನಾಗಮಂಗಲ?” ಎಂದರು. ಅಷ್ಟು ವರ್ಷ ಪಕ್ಕದ ತಾಲ್ಲೂಕಿನಲ್ಲಿದ್ದೂ ಅವರು ಅಲ್ಲಿಗೆ ಹೋಗಿರಲಿಲ್ಲ.

ತಿಥಿಮನೆಯ ಮುಂದೆ ಪೆಂಡಾಲು, ಮುದ್ದೆ, ಬಾಡಿನ ಸಾರು. ಸಾಲಿನಲ್ಲಿ ಕೂತಾಗ ಎದುರಿಗಿದ್ದ ಮುದುಕರೊಬ್ಬರು ನಮ್ಮನ್ನೇ ನೋಡುತ್ತಿದ್ದವರು ಕೇಳಿದರು: “ಯಾವೂರಾಯ್ತವ್ವ? ಯಾವ ಕಡೆ ಸಂಬಂಧ?”

ಅತ್ತೆ ಮುದ್ದೆ ಮುರಿಯುತ್ತ ತಲೆ ಎತ್ತದೆ ಹೇಳಿದರು: “ನಾವು ಬೋರ್ಡಿನ ಕಡೆಯೋರು.”

ಮುದುಕರು ಯಾವುದೋ ಬಳಗದ ಹೆಸರಿರಬೇಕು ಎಂದುಕೊಂಡು ಗೌರವವಾಗಿ ತಲೆಯಾಡಿಸಿದರು. ಸಾರು ಬಡಿಸುತ್ತ ಬಂದವನು ಆ ಹೆಂಗಸಿನ ಮಗ. ನಮ್ಮ ಮುಂದೆ ಬಕೀಟು ಇಳಿಸಿ ಕೂತ. “ಅಕ್ಕ, ಅವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಅಣ್ಣನಿಗೆ ಹೇಳಿ,” ಎಂದ. ಆಯಿತು ಎಂದೆ. ಅವನು ಅತ್ತೆಯ ಎಲೆಗೆ ತುಂಡು ಹುಡುಕಿ ಹುಡುಕಿ ಹಾಕಿದ.

ಊಟವಾದ ಮೇಲೆ ಆ ಹೆಂಗಸು ನಮ್ಮನ್ನು ಹೊಲದ ಬದುವಿಗೆ ಕರೆದುಕೊಂಡು ಹೋದರು. ಹೊಂಗೆಮರದ ಕೆಳಗೆ ಹೊಸ ಮಣ್ಣಿನ ಗುಡ್ಡೆ, ಮಳೆಗೆ ಅಂಚು ಕರಗಿತ್ತು. ಸ್ವಲ್ಪ ದೂರದಲ್ಲಿ ಕುರಿ ಮೇಯುತ್ತಿದ್ದವು. ಆಕೆ ಸೆರಗಿನಿಂದ ಒಂದು ಎಲೆ ಬದಿಗೆ ಸರಿಸಿ, ಇದ್ದಕ್ಕಿದ್ದಂತೆ ನಕ್ಕರು.

“ಇವ್ನೇನು ಕಮ್ಮಿಯಾ ನಮ್ಮಣ್ಣ? ನನ್ನ ಮದುವೇಲಿ ದಿಬ್ಬಣದ ಗಾಡಿಗೆಲ್ಲ ಇವ್ನೇ ಮುಂದಾಳು. ಅಡ್ಡದಾರಿ ಗೊತ್ತು ಅಂತ ಕರ್ಕಂಡೋದ. ಬೆಳಕರ್ದು ನೋಡಿದ್ರೆ ಯಾವ್ದೋ ಊರ ಕೆರೆ ಏರಿ ಮೇಲೆ ನಿಂತಿದ್ದೀವಿ. ಮುಹೂರ್ತ ಮೀರ್ತದೆ ಅಂತ ನಮ್ಮಪ್ಪ ಬೈತಾವ್ನೆ, ಇವ್ನು ಎತ್ತಿಗೆ ಬೈತಾವ್ನೆ.”

“ಆಮೇಕೆ?” ಎಂದರು ಅತ್ತೆ.

“ಆ ಊರೋರೇ ನಂಗೆ ಎಣ್ಣೆ ಹಚ್ಚಿ, ನೀರು ಹುಯ್ದು, ಸೀರೆ ಉಡ್ಸಿ ಕಳ್ಸುದ್ರು ಕಣವ್ವ. ಯಾರೋ ಏನೋ, ಇವತ್ತಿಗೂ ಗೊತ್ತಿಲ್ಲ.”

ಇಬ್ಬರೂ ನಕ್ಕರು. ನಕ್ಕು ಕಣ್ಣೊರೆಸಿಕೊಂಡರು. ನಾನು ಹೊಂಗೆಯ ನೆರಳಿನಲ್ಲಿ ಕಲ್ಲೊಂದರ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡೆ. ಹೊರಡುವಾಗ ಆಕೆ ಅತ್ತೆಯ ಸೀರೆಯನ್ನು ಒಗೆದು ಮಡಿಸಿ ಹಿಂದಕ್ಕೆ ಕೊಟ್ಟರು. ಜೊತೆಗೆ ಅವರ ಹೊಲದ ಹುರುಳಿ ಒಂದು ಚೀಲ.

ಬೋರ್ಡು ಇನ್ನೂ ಅಲ್ಲೇ ಇದೆ. ಸರಿಸಲಿಲ್ಲ, ಕೀಳಲಿಲ್ಲ. ನನ್ನ ಅರ್ಜಿ ಏನಾಯಿತೋ ಕೇಳಲು ನಾನು ಮತ್ತೆ ಹೋಗಲಿಲ್ಲ. ಬಿಸಿಲಿಗೆ ಚೀಲ ಪುಡಿಯಾಗುತ್ತದೆ, ಗಾಳಿಗೆ ಹರಿಯುತ್ತದೆ. ಹಬ್ಬಕ್ಕೆ ಮನೆಯವರಿಗೆಲ್ಲ ಹೊಸ ಬಟ್ಟೆ ತಂದಾಗ ನಮ್ಮವರು ಅಂಗಡಿಯಿಂದ ಅದಕ್ಕೂ ಹೊಸ ಚೀಲ ತರುತ್ತಾರೆ. ದಾರಿ ಗೊತ್ತಿಲ್ಲದವರು ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಕೇಳುತ್ತಾರೆ. ಹುಡುಗರು ಎದ್ದು ನಿಂತು ಕೈ ಚಾಚಿ ಹೇಳುತ್ತಾರೆ. ಅಂಗಳ ಖಾಲಿ ಎಂದು ನಮಗ್ಯಾರಿಗೂ ಬೇಸರವಾಗಿಲ್ಲ. ಮಧ್ಯಾಹ್ನ ಅತ್ತೆ ಕಾಲು ಚಾಚಿ ನಿದ್ದೆ ಮಾಡುತ್ತಾರೆ.

ಮೊನ್ನೆಯ ಗಾಳಿಗೆ ಮತ್ತೆ ಒಂದು ಮೂಲೆ ಹರಿದು ‘ಮಂಗ’ ಎಂಬುದಷ್ಟೇ ಹೊರಗೆ ಕಾಣುತ್ತಿದೆ. ಬೆಳಿಗ್ಗೆ ಬಸ್ಸಿಗೆ ಓಡುವಾಗ ನೋಡಿದೆ, ಸಂಜೆ ಬರುವಾಗಲೂ ನೋಡಿದೆ. ನಮ್ಮವರಿಗೆ ಹೇಳಿದ್ದೇನೆ. ಬರುವ ಭಾನುವಾರ ಮೊಟ್ಟೆ ಲಾರಿ ಬಂದರೆ ಹೊಲಿಯುತ್ತಾರಂತೆ.